ಏಳು ಮಹಡಿಯ ಶುಭಾಶಯ

ಲಿಫ್ಟು ದೇವರ ಹೆಸರು ಎತ್ತಿದ್ದೇ ತಪ್ಪಾಯಿತು.

ತಪ್ಪು ಲಿಫ್ಟಿನದಲ್ಲ, ಪಾಪ. ಅದಕ್ಕೆ ಮಾತು ಕಲಿಸಿದವನು ಬಾಗಿಲಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಲಿಫ್ಟ್ ತಯಾರಿಸುವ ಆ ಕಂಪನಿಯ ಧ್ವನಿ ವಿಭಾಗದಲ್ಲಿ ಅವನು ಹದಿನಾಲ್ಕು ವರ್ಷದಿಂದ ಇದ್ದ. ವಿಭಾಗ ಎಂದರೆ ಎರಡನೇ ಮಹಡಿಯ ಮೂಲೆಯಲ್ಲಿ ಒಂದು ಗೂಡು, ಒಂದು ಮೈಕು, ಸದ್ದು ಒಳಗೆ ಬರದಿರಲೆಂದು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಳೇ ಕಂಬಳಿ, ಮತ್ತು ಬಾಗಿಲಪ್ಪ. ಊರಿನಲ್ಲಿ ಆ ಕಂಪನಿಯ ಯಾವ ಲಿಫ್ಟು ಹತ್ತಿದರೂ "ಬಾಗಿಲು ತೆರೆಯುತ್ತಿದೆ, ಬಾಗಿಲು ಮುಚ್ಚುತ್ತಿದೆ" ಎನ್ನುವ ಗಂಭೀರ ದನಿ ಇವನದೇ. "ಊರಿಗೆಲ್ಲ ಬಾಗಿಲು ತೆಗೀತೀರಿ, ಮನೇಲಿ ಅಡುಗೆಮನೆ ಕಿಟಕಿ ತೆಗೆಯೋಕೆ ಬರಲ್ಲ ಅಂತ ಒಂದು ವರ್ಷದಿಂದ ಹೇಳ್ತಿದ್ದೀನಿ" ಎಂದು ಹೆಂಡತಿ ಹೇಳುವಾಗ ಮಾತ್ರ ಆ ದನಿ ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ.

ಹಿಂದಿನ ದಿನ ಸಂಜೆ ಮ್ಯಾನೇಜರು ಮನೆಗೆ ಹೊರಡುವ ಗಡಿಬಿಡಿಯಲ್ಲಿ ಇವನ ಗೂಡಿಗೆ ತಲೆ ತೂರಿಸಿ, "ನಾಡಿದ್ದು ಹಬ್ಬ ಅಲ್ವೇನ್ರೀ, ನಮ್ಮ ಆಫೀಸ್ ಲಿಫ್ಟಲ್ಲಿ ಏನಾದ್ರೂ ಒಂದು ಒಳ್ಳೇ ಮಾತು ಹಾಕಿ" ಎಂದು ಹೇಳಿ ಹೋಗಿದ್ದರು. ಯಾವ ಮಾತು ಎಂದು ಕೇಳಬೇಕಾಗಿತ್ತು. ಬಾಗಿಲಪ್ಪ ಕೇಳಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ತಾನೇ ಒಂದು ವಾಕ್ಯ ಹೊಸೆದು, ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು ಹೇಳಿ, ಲಿಫ್ಟಿಗೆ ತುಂಬಿ ಮನೆಗೆ ಹೋದ.

ಬೆಳಿಗ್ಗೆ ಒಂಬತ್ತೂವರೆಗೆ ಹದಿನೆಂಟು ಮಹಡಿಯ ಕಟ್ಟಡವೊಂದರ ಮಾಲೀಕರು ಆರು ಲಿಫ್ಟು ಕೊಳ್ಳುವ ಮಾತುಕತೆಗೆ ಬಂದರು. ದಪ್ಪ ಮನುಷ್ಯ. ಲಿಫ್ಟು ಹತ್ತಿ ಏಳನೇ ಮಹಡಿಯ ಗುಂಡಿ ಒತ್ತಿದರು. ಲಿಫ್ಟು ಗಂಭೀರವಾಗಿ ಹೇಳಿತು:

"ಬಾಗಿಲು ಮುಚ್ಚುತ್ತಿದೆ. ದೇವರು ನಿಮ್ಮನ್ನು ಕಾಪಾಡಲಿ."

ಮಾಲೀಕರು ಎರಡೂ ಕೈ ಹಾಕಿ ಬಾಗಿಲು ತಡೆದು ಹೊರಗೆ ಹಾರಿದರು. ಹಿಂದೆಯೇ ಬಂದ "ಹಬ್ಬದ ಶುಭಾಶಯಗಳು" ಅವರ ಕಿವಿಗೆ ಬೀಳಲೇ ಇಲ್ಲ. "ಏನ್ರೀ, ತಯಾರು ಮಾಡಿದೋರಿಗೇ ನಂಬಿಕೆ ಇಲ್ಲದ ಲಿಫ್ಟು!" ಎಂದು ಬಾಗಿಲು ಕಾಯುವ ತಾತನಿಗೆ ಬೈದು, ಏಳು ಮಹಡಿ ಮೆಟ್ಟಿಲು ಹತ್ತಿದರು. ಮೇಲೆ ಮುಟ್ಟಿದಾಗ ಅವರಿಗೆ ಮಾತು ಬರುತ್ತಿರಲಿಲ್ಲ. ಎರಡು ಲೋಟ ನೀರು ಕುಡಿದು, ಆಲೋಚನೆ ಮಾಡಿ ಹೇಳ್ತೀನಿ ಎಂದು ಸನ್ನೆಯಲ್ಲೇ ತಿಳಿಸಿ ಹೊರಟುಹೋದರು.

ಹತ್ತು ಗಂಟೆಗೆ ಬಾಗಿಲಪ್ಪ ಆರನೇ ಮಹಡಿಯಲ್ಲಿ ಮ್ಯಾನೇಜರ ಮುಂದೆ ನಿಂತಿದ್ದ. ಅವನ ಕಣ್ಣು ಮಾತ್ರ ಮೇಜಿನ ಮೇಲಿದ್ದ ಒಂದು ಹಾಳೆಯ ಮೇಲೆ. ಆ ಹಾಳೆಯ ವಿಷಯ ಹೇಳಲೇಬೇಕು, ಯಾಕೆಂದರೆ ಬಾಗಿಲಪ್ಪನ ಪ್ರಾಣ ಅದರಲ್ಲಿತ್ತು.

ಕಂಪನಿಯ ಪ್ರತಿ ಲಿಫ್ಟಿನಲ್ಲೂ ಒಂದು ಕೆಂಪು ಗುಂಡಿ. ನಡುವೆ ಸಿಕ್ಕಿಹಾಕಿಕೊಂಡವರು ಅದನ್ನು ಒತ್ತಿದರೆ ಆಫೀಸಿನ ನೆಲ ಮಹಡಿಯ ಪುಟ್ಟ ಕೋಣೆಯಲ್ಲಿ ಫೋನು ಬಡಿದುಕೊಳ್ಳುತ್ತದೆ. ಮಿಕ್ಕ ದಿನ ಅದಕ್ಕೆ ಬೇರೆ ಜನ ಇದ್ದಾರೆ. ಹಬ್ಬದ ರಜೆಯ ಎರಡು ದಿನ ಮಾತ್ರ ಆಫೀಸಿನವರಲ್ಲೇ ಒಬ್ಬರು ಬೆಳಿಗ್ಗೆಯಿಂದ ಸಂಜೆವರೆಗೆ ಅದರ ಮುಂದೆ ಕೂರಬೇಕು. ಮೂರು ವರ್ಷದಿಂದ ಆ ಒಬ್ಬರು ಬಾಗಿಲಪ್ಪನೇ. "ನಿಮ್ಮದು ಪರಿಚಯದ ದನಿ ಕಣ್ರೀ, ಸಿಕ್ಕಿಹಾಕ್ಕೊಂಡೋರಿಗೆ ಧೈರ್ಯ ಬರುತ್ತೆ" ಎಂದು ಮ್ಯಾನೇಜರು ಪ್ರತಿ ವರ್ಷವೂ ಬೆನ್ನು ತಟ್ಟಿ ಕೂರಿಸುತ್ತಿದ್ದರು. ಪ್ರತಿ ವರ್ಷವೂ ಹೆಂಡತಿಯ ಅಣ್ಣನ ಮನೆಗೆ ಹಬ್ಬಕ್ಕೆ ಹೋಗುವುದು ತಪ್ಪುತ್ತಿತ್ತು. ಈ ವರ್ಷ ಆ ಅಣ್ಣ ಹತ್ತನೇ ಮಹಡಿಯಲ್ಲಿ ಹೊಸ ಮನೆ ಮಾಡಿದ್ದ. ಹೆಂಡತಿ ಬೆಳಿಗ್ಗೆ ಹೇಳಿ ಕಳಿಸಿದ್ದಳು: "ಐದೂವರೆ ಬಸ್ಸು. ನಾನೂ ಮಗಳೂ ಸ್ಟ್ಯಾಂಡಲ್ಲಿ ಇರ್ತೀವಿ. ನೀವು ಬಂದ್ರೆ ಸರಿ. ಬರಲಿಲ್ಲ ಅಂದ್ರೆ ಆಮೇಲೆ ನಾನು ಮಾತಾಡೋದನ್ನ ನೀವು ಕೂತು ಕೇಳಬೇಕಾಗುತ್ತೆ, ನೆನಪಿರಲಿ."

ಹಾಳೆಯಲ್ಲಿ ಈ ಸಲ ಫೋನಿನ ಮುಂದೆ ಕೂರುವವರ ಹೆಸರು ಬರೆಯಬೇಕಾಗಿತ್ತು. ಇನ್ನೂ ಖಾಲಿ ಇತ್ತು.

"ಈ ಸಲ ನಿಮ್ಮನ್ನ ಬಿಡ್ತೀನಿ ಅಂದಿದ್ದೆ, ಬಿಡ್ತೀನಿ" ಎಂದರು ಮ್ಯಾನೇಜರು. "ಆದ್ರೆ ನಾಲ್ಕು ಗಂಟೆಗೆ ಯಜಮಾನರು ಬರ್ತಾರೆ. ಎಲ್ಲ ವಿಭಾಗದ ಮುಖ್ಯಸ್ಥರಿಗೂ ಶುಭಾಶಯ ಹೇಳಿ ಹೋಗ್ತಾರೆ. ಅಷ್ಟರಲ್ಲಿ ಈ ಲಿಫ್ಟಿನ ಮಾತಿನ ಬಗ್ಗೆ ನನ್ನ ಮೇಜಿನ ಮೇಲೆ ಒಂದೇ ಒಂದು ದೂರು ಇರಬಾರದು. ಇದ್ರೆ, ಈ ಹಾಳೇಲಿ ನಿಮ್ಮ ಹೆಸರೇ."

"ಈಗ ಎಷ್ಟಿದೆ ಸಾರ್ ದೂರು?"

"ಒಂದೇ. ಐದನೇ ಮಹಡಿಯಿಂದ."

ಐದನೇ ಮಹಡಿ ಎಂದರೆ ನಕ್ಷೆ ವಿಭಾಗ. ಅದರ ಮುಖ್ಯಸ್ಥರಿಗೆ ಇಡೀ ಆಫೀಸು ಇಟ್ಟ ಹೆಸರು ಪುರಾವೆ ಸಾರ್. ನಾಳೆ ಬಿಸಿಲು ಬರುತ್ತೆ ಅಂದರೂ "ಪುರಾವೆ ಏನು?" ಎಂದು ಕೇಳುವ ಮನುಷ್ಯ. ದೇವರ ವಿಷಯದಲ್ಲಂತೂ ಅವರು ಎಂದೋ ತೀರ್ಪು ಕೊಟ್ಟು ಕಡತ ಮುಚ್ಚಿದ್ದರು.

ಬಾಗಿಲಪ್ಪ ಹೋದಾಗ ಪುರಾವೆ ಸಾರ್ ಪೆನ್ಸಿಲು ಚೂಪು ಮಾಡುತ್ತಿದ್ದರು. "ಬಾಪ್ಪಾ. ನಾನು ಬೆಳಿಗ್ಗೆಯಿಂದ ಎರಡು ಸಲ ಲಿಫ್ಟು ಹತ್ತಿದೆ. ಎರಡು ಸಲವೂ ನನ್ನನ್ನ ಕೇಳದೆ ದೇವರಿಗೆ ವಹಿಸಿಬಿಟ್ಟೆ. ಲಿಫ್ಟನ್ನ ಹಿಡಿದಿರೋದು ಉಕ್ಕಿನ ಹಗ್ಗ. ಆ ಹಗ್ಗದ ಲೆಕ್ಕ ಹಾಕಿದೋನು ನಾನು. ಹೆಸರು ಅವನಿಗೆ, ಹಗ್ಗ ನನ್ನದು, ಇದ್ಯಾವ ನ್ಯಾಯ?"

"ತಪ್ಪಾಯ್ತು ಸಾರ್. ಏನು ಹಾಕಲಿ ಹೇಳಿ."

"ದೇವರೂ ಬೇಡ, ಹಬ್ಬಾನೂ ಬೇಡ. ಹಬ್ಬ ಕೆಲವರದು, ರಜೆ ಎಲ್ಲರದು. ರಜೆಯ ಶುಭಾಶಯ ಅನ್ನು, ಮುಗೀತು."

ನ್ಯಾಯವಾದ ಮಾತೇ ಅನ್ನಿಸಿತು ಬಾಗಿಲಪ್ಪನಿಗೆ. ಇಳಿದು ಬಂದು, ಮೈಕಿನ ಮುಂದೆ ಕೂತು, "ಬಾಗಿಲು ಮುಚ್ಚುತ್ತಿದೆ. ರಜೆಯ ಶುಭಾಶಯಗಳು" ಎಂದು ಹೇಳಿ ಲಿಫ್ಟಿಗೆ ತುಂಬಿದ. ಹತ್ತು ನಿಮಿಷ ಪ್ರಪಂಚ ಶಾಂತವಾಗಿತ್ತು. ಹನ್ನೊಂದನೇ ನಿಮಿಷಕ್ಕೆ ದೊಡ್ಡಕ್ಕ ಬಂದರು.

ದೊಡ್ಡಕ್ಕ ಮೂರನೇ ಮಹಡಿಯ ಖರೀದಿ ವಿಭಾಗದ ಮುಖ್ಯಸ್ಥೆ. ಬೋಲ್ಟು ನಟ್ಟು ಮಾರುವವರು ಅವರ ಹೆಸರು ಕೇಳಿದರೆ ಎದ್ದು ನಿಲ್ಲುತ್ತಿದ್ದರು. ಅವರ ಮೇಜಿನ ಮೇಲೆ ಕಡತಕ್ಕಿಂತ ದೇವರ ಪಟ ಜಾಸ್ತಿ. ಯಾವುದಾದರೂ ಸರಕು ತಡವಾದರೆ ಮೊದಲು ಪಟದ ಕಡೆ ನೋಡಿ, ಆಮೇಲೆ ಸರಕಿನವನ ಜನ್ಮ ಜಾಲಾಡುತ್ತಿದ್ದರು.

"ಏನಪ್ಪಾ ತಮ್ಮಾ," ದೊಡ್ಡಕ್ಕ ಗೂಡಿನ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತರು. "ಬೆಳಿಗ್ಗೆ ಲಿಫ್ಟು ದೇವರ ಹೆಸರು ಹೇಳ್ತಿತ್ತು, ಎಷ್ಟು ಚೆನ್ನಾಗಿತ್ತು. ಈಗ ಏನಾಯ್ತು ನಿನ್ನ ಲಿಫ್ಟಿಗೆ?"

"ಎಲ್ಲರಿಗೂ ಹೊಂದಲಿ ಅಂತ ರಜೆಯ ಶುಭಾಶಯ ಅಂತ..."

"ಯಾವ ರಜೆ? ಹೊಟ್ಟೆ ಕೆಟ್ರೂ ರಜೆ ಹಾಕ್ತೀವಿ. ಅದಕ್ಕೂ ಶುಭಾಶಯ ಹೇಳ್ತೀಯಾ? ಹಬ್ಬ ಅನ್ನೋಕೆ ನಾಲಿಗೆ ಸುಡುತ್ತಾ ನಿಂಗೆ? ನೋಡು, ಮೂರನೇ ಮಹಡಿಯವರು ಇಪ್ಪತ್ತಾರು ಜನ ಸಹಿ ಮಾಡಿ ಕೊಟ್ಟಿದ್ದಾರೆ. ದೇವರು ವಾಪಸ್ ಬರಬೇಕು." ಹಾಗೆಂದು ಅರ್ಜಿಯೊಂದನ್ನು ಮೇಜಿನ ಮೇಲೆ ಬಡಿದರು. "ಮ್ಯಾನೇಜರಿಗೂ ಒಂದು ಪ್ರತಿ ಕೊಟ್ಟೇ ಬಂದೆ."

ಈಗ ದೂರು ಎರಡಾಯಿತು. ಬಾಗಿಲಪ್ಪನಿಗೆ ಕಣ್ಣ ಮುಂದೆ ಐದೂವರೆ ಬಸ್ಸು ಅವನಿಲ್ಲದೆ ಹೊರಟಂತೆ ಕಂಡಿತು. ತಲೆ ಕೆರೆದುಕೊಂಡ. ಕೆರೆದುಕೊಳ್ಳುವಾಗಲೇ ಒಂದು ಉಪಾಯ ಹೊಳೆಯಿತು. ಉಪಾಯ ಹೊಳೆದಾಗ ಮನುಷ್ಯ ಅಲ್ಲಿಂದ ಎದ್ದು ಹೋಗಿ ಮುಖ ತೊಳೆದುಕೊಳ್ಳಬೇಕು. ಅರ್ಧಕ್ಕರ್ಧ ಅನಾಹುತ ತಪ್ಪುತ್ತದೆ. ಬಾಗಿಲಪ್ಪ ಏಳಲಿಲ್ಲ.

ಉಪಾಯ ಇಷ್ಟೇ. ಲಿಫ್ಟಿಗೆ ತಾನು ಯಾವ ಮಹಡಿಯಲ್ಲಿ ನಿಂತಿದ್ದೇನೆ ಎಂದು ಗೊತ್ತು. ಹಾಗಾದರೆ ಆಯಾ ಮಹಡಿಯಲ್ಲಿ ಬಾಗಿಲು ತೆರೆದಾಗ ಆಯಾ ಮಹಡಿಗೆ ಒಪ್ಪುವ ಮಾತು. ಮೂರನೆಯದಕ್ಕೆ ದೇವರು, ಐದನೆಯದಕ್ಕೆ ದೇವರಿಲ್ಲ. ಮಿಕ್ಕವರಿಗೆ ಬರೀ ನಮಸ್ಕಾರ. ಹನ್ನೆರಡಕ್ಕೆ ಎಲ್ಲ ತುಂಬಿ ಮುಗಿಸಿ, ತನ್ನ ಜಾಣತನಕ್ಕೆ ತಾನೇ ತಲೆದೂಗಿ, ಹೆಂಡತಿಗೆ ಫೋನು ಮಾಡಿ "ಈ ಸಲ ಬಂದೇ ಬರ್ತೀನಿ ಕಣೇ" ಎಂದ. "ಬಸ್ಸಲ್ಲಿ ಕೂತ ಮೇಲೆ ಹೇಳಿ" ಎಂದು ಅವಳು ಇಟ್ಟುಬಿಟ್ಟಳು.

ಲಿಫ್ಟಿಗೇನು, ಯಾರು ಕರೆದರೆ ಅಲ್ಲಿ ನಿಲ್ಲುವ ಜೀವ. ಪುರಾವೆ ಸಾರ್ ಕೆಳಗೆ ಹತ್ತಿ ಐದಕ್ಕೆ ಹೊರಟರೆ, ಮೂರರಲ್ಲಿ ಯಾರೋ ಗುಂಡಿ ಒತ್ತಿ ನಿಲ್ಲಿಸುತ್ತಿದ್ದರು. ಬಾಗಿಲು ತೆರೆಯುತ್ತಿತ್ತು. "ದೇವರ ಕೃಪೆ ನಿಮ್ಮ ಮೇಲಿರಲಿ" ಎನ್ನುತ್ತಿತ್ತು ಲಿಫ್ಟು, ನೇರ ಪುರಾವೆ ಸಾರ್ ಮುಖಕ್ಕೆ. ಊಟಕ್ಕೆ ಇಳಿದು ಹತ್ತುವುದರೊಳಗೆ ಅವರಿಗೆ ನಾಲ್ಕು ಸಲ ಕೃಪೆಯಾಯಿತು. ಗುಂಡಿ ಒತ್ತಿ ಒತ್ತಿ ಓಡಿಹೋಗುತ್ತಿದ್ದವರು ದೊಡ್ಡಕ್ಕನ ಕಡೆಯ ಹುಡುಗಿಯರು ಎಂದು ಆಮೇಲೆ ಗೊತ್ತಾಯಿತು.

ಅದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿತ್ತು. ಮಾತು ಮುಗಿಯುವವರೆಗೂ ಲಿಫ್ಟಿನ ಬಾಗಿಲು ಮುಚ್ಚುವುದಿಲ್ಲ. ಆ ಕಂಪನಿಯ ಲಿಫ್ಟಿನ ಜಾಯಮಾನವೇ ಹಾಗೆ. ದೇವರ ಮಾತು ಉದ್ದ, ಏಳು ಸೆಕೆಂಡು. ಐದನೇ ಮಹಡಿಯ "ನಮಸ್ಕಾರ, ರಜೆ ಚೆನ್ನಾಗಿರಲಿ" ಮೂರೇ ಸೆಕೆಂಡು. ನಕ್ಷೆ ವಿಭಾಗದವರು ಗಡಿಯಾರ ಹಿಡಿದು ಅಳೆದರು.

"ಮೂರನೇ ಮಹಡಿಯೋರಿಗೆ ಏಳು ಸೆಕೆಂಡು ಬಾಗಿಲು ತೆರೆದಿರುತ್ತೆ, ಆರಾಮಾಗಿ ಹತ್ತುತಾರೆ. ನಾವು ಓಡಿ ಬರೋದರಲ್ಲಿ ಬಾಗಿಲು ಮೂಗಿಗೆ ಬಡಿಯುತ್ತೆ" ಎಂದರು ಪುರಾವೆ ಸಾರ್. "ನಂಬಿಕೆ ಇಲ್ಲದೋರು ಅಂತ ನಾಲ್ಕು ಸೆಕೆಂಡು ಕಡಿಮೆನಾ? ಬರ್ಕೋ." ಬಾಗಿಲಪ್ಪ ಬರೆದುಕೊಂಡ. ಹದಿನೈದು ನಿಮಿಷದಲ್ಲಿ ಐದನೇ ಮಹಡಿಯಲ್ಲಿ ಲಿಫ್ಟು ಹೀಗೆ ಹೇಳತೊಡಗಿತು: "ಭೂಮಿ ತನ್ನ ಪಾಡಿಗೆ ತಾನು ಸೂರ್ಯನ ಸುತ್ತ ತಿರುಗುತ್ತಿದೆ. ಇದರಲ್ಲಿ ಯಾರ ಕೈವಾಡವೂ ಇಲ್ಲ. ರಜೆ ಚೆನ್ನಾಗಿರಲಿ."

"ಯಾರ ಕೈವಾಡವೂ ಇಲ್ವಂತಾ?" ದೊಡ್ಡಕ್ಕ ಮೆಟ್ಟಿಲಿಳಿದು ಬಂದರು. ಲಿಫ್ಟು ಹತ್ತುವ ತಾಳ್ಮೆ ಅವರಿಗೆ ಇರಲಿಲ್ಲ. "ತಿರುಗಿಸೋನು ಒಬ್ಬ ಇದ್ದಾನೆ ಅಂತ ಸೇರಿಸು. ಈಗಲೇ. ನನ್ನ ಮುಂದೆ."

ಸೇರಿಸಿದ. ಅದನ್ನು ಕೇಳಿ ಪುರಾವೆ ಸಾರ್ ಗುರುತ್ವಾಕರ್ಷಣೆ ಸೇರಿಸಿದರು. ದೊಡ್ಡಕ್ಕ ಸಕಲ ಚರಾಚರ ಜೀವಿಗಳನ್ನು ಸೇರಿಸಿದರು. ಪುರಾವೆ ಸಾರ್ ಜೀವಿಗಳು ಹೇಗೆ ಹುಟ್ಟಿದವು ಎಂದು ಮೊದಲಿಂದ ಹೇಳಿಸಿದರು. ಮೂಗಿಗಿಂತ ಮೂಗುತಿ ಭಾರವಾಯಿತು. ಎರಡು ಗಂಟೆಯ ಹೊತ್ತಿಗೆ ಲಿಫ್ಟು ಮೂರರಲ್ಲಿ ಒಂದು ನಿಮಿಷ, ಐದರಲ್ಲಿ ಒಂದೂಕಾಲು ನಿಮಿಷ ಬಾಯಿ ತೆರೆದುಕೊಂಡು ಉಪನ್ಯಾಸ ಮಾಡುತ್ತ ನಿಂತಿರುತ್ತಿತ್ತು. ನೆಲ ಮಹಡಿಯಲ್ಲಿ ಊಟ ಮುಗಿಸಿ ಬಂದವರ ಸಾಲು ಬೀದಿಗೆ ಬಂದಿತ್ತು.

"ನೋಡ್ರಪ್ಪಾ," ಎಂದ ಬಾಗಿಲು ಕಾಯುವ ತಾತ, ಬೀಡಿ ಪಕ್ಕಕ್ಕೆ ಹಿಡಿದು. "ಮೆಟ್ಟಿಲು ಬಾಯಿ ಬಿಡಲ್ಲ, ಯಾವ ದೇವರ ಕಡೆಗೂ ಇಲ್ಲ. ಕಾಲಿರೋರು ಹತ್ಕೊಂಡು ಹೋಗಿ."

ಸಾಲಿನಲ್ಲಿ ಮ್ಯಾನೇಜರೂ ಇದ್ದರು. ಆರು ಮಹಡಿ ಹತ್ತಿ ಬಾಗಿಲಪ್ಪನನ್ನು ಕರೆಸಿಕೊಂಡಾಗ ಅವರ ಮುಖ ಬೇಯಿಸಿದ ಬೀಟ್‌ರೂಟಿನ ಹಾಗಿತ್ತು. "ಎಲ್ಲ ತೆಗೀರಿ! ದೇವರೂ ಬೇಡ, ಭೂಮೀನೂ ಬೇಡ! ಬಾಗಿಲು ಮುಚ್ಚುತ್ತಿದೆ, ಅಷ್ಟೇ!"

ಬಾಗಿಲಪ್ಪ ಎಲ್ಲ ತೆಗೆದ. ಮನಸ್ಸು ಹಗುರಾಯಿತು. ಏನೂ ಹೇಳದಿದ್ದರೆ ಯಾರಿಗೂ ಬೇಜಾರಿಲ್ಲ ಎಂದುಕೊಂಡ. ಮನುಷ್ಯರ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಎರಡೂವರೆಗೆ ಗೂಡಿನೊಳಗೆ ಒಂದು ಕಡೆಯಿಂದ ದೊಡ್ಡಕ್ಕ, ಇನ್ನೊಂದು ಕಡೆಯಿಂದ ಪುರಾವೆ ಸಾರ್. ಬೆಳಿಗ್ಗೆಯಿಂದ ಒಬ್ಬರ ಜೊತೆ ಒಬ್ಬರು ಮಾತಾಡದವರು ಈಗ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಗೂಡಿನಲ್ಲಿ ಬೇರೆ ಜಾಗವೂ ಇರಲಿಲ್ಲ.

"ದೇವರನ್ನ ತೆಗೆದುಬಿಟ್ಟೆ. ಇವರು ಹೇಳಿಕೊಟ್ರು, ನೀನು ಕುಣಿದೆ" ಎಂದರು ದೊಡ್ಡಕ್ಕ.

"ನಾನಾ? ನನ್ನ ಮಾತನ್ನೂ ತೆಗೆದಿದ್ದಾನಲ್ಲಮ್ಮಾ! ನಿಮ್ಮ ಅರ್ಜಿಗೆ ಹೆದರಿ ತೆಗೆದಿದ್ದಾನೆ ಇವನು!"

"ಇವನು ನಿಮ್ಮ ಕಡೆ."

"ಇಲ್ಲಮ್ಮಾ, ನಿಮ್ಮ ಕಡೆ. ಬೆಳಿಗ್ಗೆ ದೇವರನ್ನ ತಂದಿದ್ದೇ ಇವನು."

ಇಬ್ಬರೂ ಒಟ್ಟಿಗೆ ಬಾಗಿಲಪ್ಪನ ಕಡೆ ತಿರುಗಿದರು. "ನೀನು ಯಾರ ಕಡೆ ಹೇಳು!"

ಅತ್ತ ದರಿ, ಇತ್ತ ಹುಲಿ. ಬಾಗಿಲಪ್ಪ ಎದ್ದು ನಿಂತ. "ನಾನು ಯಾರ ಕಡೆನೂ ಅಲ್ಲ! ನನಗೆ ಹಬ್ಬಾನೂ ಬೇಡ, ಏನೂ ಬೇಡ! ನನಗೆ ಐದೂವರೆ ಬಸ್ಸು ಸಿಕ್ಕಿದ್ರೆ ಸಾಕು!" ಎಂದು ಕೂಗಿದ. ಅವನ ಜೀವಮಾನದಲ್ಲಿ ಮೊದಲ ಸಲ ಆ ದನಿ ಒಡೆಯಿತು.

"ಬಾಯಿಮಾತು ಯಾಕೆ?" ಎಂದರು ಪುರಾವೆ ಸಾರ್. "ಬರೆದು ಕೊಡು."

"ಹೌದು, ಬರೆದು ಅಂಟಿಸು. ಎಲ್ಲರಿಗೂ ಗೊತ್ತಾಗಲಿ" ಎಂದರು ದೊಡ್ಡಕ್ಕ. ಆ ದಿನ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

ಬಾಗಿಲಪ್ಪ ಹಾಳೆ ತೆಗೆದುಕೊಂಡ. ಇಬ್ಬರೂ ಎರಡು ಭುಜದ ಮೇಲಿಂದ ಬಗ್ಗಿ ನೋಡುತ್ತ, ಇದು ಸೇರಿಸು ಅದು ತೆಗಿ ಎನ್ನುತ್ತ, ಕೊನೆಗೆ ಹೀಗೊಂದು ಬರಹ ತಯಾರಾಯಿತು:

"ಈ ಮೂಲಕ ಎಲ್ಲರಿಗೂ ತಿಳಿಸುವುದೇನೆಂದರೆ, ನಾನು ದೇವರ ಕಡೆಯವನೂ ಅಲ್ಲ, ದೇವರಿಲ್ಲ ಎನ್ನುವವರ ಕಡೆಯವನೂ ಅಲ್ಲ. ಈ ಹಬ್ಬವಾಗಲಿ, ಬೇರೆ ಯಾವುದೇ ಹಬ್ಬವಾಗಲಿ ನನ್ನದಲ್ಲ. ಲಿಫ್ಟಿನಲ್ಲಿ ಕೇಳಿಬರುವ ಮಾತಿಗೆ ದನಿ ಮಾತ್ರ ನನ್ನದು."

ಕೆಳಗೆ ದಿನಾಂಕ, ಸಹಿ. ಏಳು ಪ್ರತಿ ಮಾಡಿ ಏಳು ಮಹಡಿಯ ಲಿಫ್ಟಿನ ಪಕ್ಕದಲ್ಲೂ ಅಂಟಿಸಿದ. ಅಂಟಿಸಿದ ಮೇಲೆ ಏನೋ ಒಂದು ನೆಮ್ಮದಿ. ಬೈಯುತ್ತಿದ್ದವರು ಓದಿ, ಪಾಪ ಬಿಡಪ್ಪಾ ಎಂದು ಸುಮ್ಮನಾದರು. ಆ ನೆಮ್ಮದಿಯಲ್ಲೇ ಅವನಿಗೆ ಸರಿಯಾದ ವಾಕ್ಯವೂ ಹೊಳೆಯಿತು: "ಎಲ್ಲರಿಗೂ ಒಳ್ಳೆಯದಾಗಲಿ."

"ಒಳ್ಳೇದು ಮಾಡೋನು ಅವನೇ ತಾನೇ. ಹೆಸರು ಹೇಳದಿದ್ರೂ ಅವನಿಗೆ ಗೊತ್ತಾಗುತ್ತೆ" ಎಂದು ದೊಡ್ಡಕ್ಕ ಅರ್ಜಿ ವಾಪಸು ತಗೊಂಡರು.

"ಒಳ್ಳೇದು ತಾನಾಗೇ ಆಗೋ ಸಾಧ್ಯತೆ ಇದ್ದೇ ಇದೆ. ಲೆಕ್ಕ ಹಾಕಿ ತೋರಿಸಬಹುದು" ಎಂದು ಪುರಾವೆ ಸಾರೂ ದೂರು ವಾಪಸು ತಗೊಂಡರು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಮ್ಯಾನೇಜರ ಮೇಜಿನ ಮೇಲೆ ಒಂದೂ ದೂರು ಇರಲಿಲ್ಲ. ಅವರು ಹಾಳೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. "ಮಾತು ಅಂದ್ರೆ ಮಾತು. ಈ ಸಲ ಪುರಾವೆ ಸಾರ್ ಕೂರಲಿ. ಹೇಗೂ ಅವರಿಗೆ ಹಬ್ಬ ಇಲ್ಲ." ಬಾಗಿಲಪ್ಪನಿಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಬಿದ್ದರೆ ಯಾವ ಕಡೆಯವನು ಎಂದು ಮತ್ತೆ ಗಲಾಟೆಯಾದೀತೆಂದು ಸುಮ್ಮನಿದ್ದ.

ಯಜಮಾನರು ಬಂದರು. ಬಿಳಿ ಕೂದಲು, ಮೆದು ಮಾತು, ಮರೆತುಹೋಗುವ ಕನ್ನಡಕ. ಏಳನೇ ಮಹಡಿಯಲ್ಲಿ ಲಿಫ್ಟಿನ ಮುಂದೆ ಮುಖ್ಯಸ್ಥರೆಲ್ಲ ಸಾಲಾಗಿ ನಿಂತಿದ್ದರು. ಹಿಂದೆ ಗೋಡೆಗೆ ಒರಗಿ ಬಾಗಿಲಪ್ಪ, ಕೈಯಲ್ಲಿ ಆಗಲೇ ಬಸ್ಸಿಗೆ ಸಿದ್ಧವಾದ ಚೀಲ. ಬಾಗಿಲು ತೆರೆಯಿತು. "ಎಲ್ಲರಿಗೂ ಒಳ್ಳೆಯದಾಗಲಿ" ಎಂದಿತು ಲಿಫ್ಟು.

"ಆಹಾ, ಎಷ್ಟು ಹಿತವಾದ ಮಾತು" ಎಂದರು ಯಜಮಾನರು. "ಯಾರಿಗೂ ನೋವಾಗೋ ಹಾಗಿಲ್ಲ. ಸರಿ, ಈ ಸಲ ಫೋನಿನ ಮುಂದೆ ಯಾರಪ್ಪಾ?"

ಮ್ಯಾನೇಜರು ಹಾಳೆ ಕೊಟ್ಟರು. ಯಜಮಾನರು ಅದನ್ನು ದೂರ ಹಿಡಿದು ಓದಿದರು. "ಸರಿಯಾದ ಆಯ್ಕೆ. ಹಬ್ಬ ಇರೋರನ್ನ ಮನೆ ಬಿಡಿಸಿ ಕೂರಿಸೋದು ಪಾಪ. ಹಬ್ಬ ಇಲ್ಲದೋರೇ ಕೂರಬೇಕು. ಇನ್ನು ಮೇಲೆ ಇದೇ ನಿಯಮ ಆಗಲಿ."

ಪುರಾವೆ ಸಾರ್ ಮುಖ ಸಪ್ಪಗಾಯಿತು. ಅವರು ಸಂಸಾರ ಸಮೇತ ಸಮುದ್ರದಂಡೆಗೆ ಹೋಗಲು ಎರಡು ತಿಂಗಳ ಹಿಂದೆಯೇ ಕೋಣೆ ಗೊತ್ತು ಮಾಡಿದ್ದರು. ಒಂದು ಸಲ ಕೆಮ್ಮಿದರು. ಎರಡು ಸಲ ಕೆಮ್ಮಿದರು.

"ಸಾರ್, ನಂಬಿಕೆ ಅನ್ನೋದು ಖಾಸಗಿ ವಿಷಯ. ಹೊರಗೆ ಹೇಳಿಕೊಳ್ಳದೇ ಇರಬಹುದು. ಒಳಗೊಳಗೆ... ನನಗೂ ಸ್ವಲ್ಪ... ಭಕ್ತಿ ಅಂತಲೇ ಅನ್ನಬಹುದು."

ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು.

"ಪುರಾವೆ?" ಎಂದರು ದೊಡ್ಡಕ್ಕ, ಜೇನು ಸವರಿದ ದನಿಯಲ್ಲಿ.

ಯಜಮಾನರು ಅವರ ಕಡೆ ತಿರುಗಿದರು. "ಇವರಿಗೂ ಹಬ್ಬ ಇದೆ ಅಂದ್ರೆ, ಮುಂದಿನ ಸರದಿ ಖರೀದಿ ವಿಭಾಗದ್ದು ಅಲ್ವೇನಮ್ಮಾ? ನಿಮ್ಮಲ್ಲಿ ಒಬ್ಬರನ್ನ..."

ದೊಡ್ಡಕ್ಕನಿಗೆ ಮರುಕ್ಷಣವೇ ಜ್ಞಾನೋದಯವಾಯಿತು. "ಇಲ್ಲ ಸಾರ್, ಇವರು ಭಕ್ತರೇ! ನಾನೇ ಕಣ್ಣಾರೆ ನೋಡಿದ್ದೀನಿ. ಇವತ್ತು ಮೂರನೇ ಮಹಡೀಲಿ ಲಿಫ್ಟು ದೇವರ ಹೆಸರು ಹೇಳ್ತಿದ್ದ ಹಾಗೇ ಕಣ್ಣು ಮುಚ್ಕೊಂಡ್ರು. ತುಟಿ ಅಲುಗಾಡ್ತಿತ್ತು." ಅಲುಗಾಡಿದ್ದು ನಿಜ. ಯಾವ ಶಬ್ದಕ್ಕೆ ಅಲುಗಾಡಿತ್ತೆಂದು ಅವರಿಗೂ ಗೊತ್ತಿತ್ತು. ನಮ್ಮ ವಿಭಾಗದಲ್ಲಂತೂ ಇಪ್ಪತ್ತಾರಕ್ಕೆ ಇಪ್ಪತ್ತಾರೂ ಭಕ್ತರೇ ಎಂದು ಅದೇ ಉಸಿರಿನಲ್ಲಿ ಸೇರಿಸಿದರು.

"ನಿಮ್ಮದು ಬೇರೆ ಹಬ್ಬ ಅಲ್ವೇನಯ್ಯಾ?" ಯಜಮಾನರು ಮಾರಾಟ ವಿಭಾಗದವರನ್ನು ಕೇಳಿದರು.

"ಬೇರೆನೇ ಸಾರ್. ಆದ್ರೆ ನೆರೆಯವರ ಹಬ್ಬಾನೂ ನಿಮ್ಮದೇ ಅಂದ್ಕೊಳ್ಳಿ ಅಂತ ನಮ್ಮ ಧರ್ಮದಲ್ಲೇ ಹೇಳಿದೆ. ನಾವು ಮೀರೋ ಹಾಗಿಲ್ಲ."

ಹೀಗೆ ಒಬ್ಬೊಬ್ಬರಿಗೂ ಹಬ್ಬ ಬಂತು. ಬೆಳಿಗ್ಗೆ ಮೂರನೇ ಮಹಡಿಯಲ್ಲಿ ಮಾತ್ರ ಇದ್ದ ದೇವರು ನಾಲ್ಕೂಕಾಲಿಗೆ ಏಳೂ ಮಹಡಿಯಲ್ಲಿ ತುಂಬಿ ತುಳುಕುತ್ತಿದ್ದ.

"ಛೇ, ಹಾಗಾದ್ರೆ ಹಬ್ಬ ಇಲ್ಲದೋರು ಇಡೀ ಕಟ್ಟಡದಲ್ಲಿ ಒಬ್ಬರೂ ಇಲ್ವೇ?" ಎಂದು ಯಜಮಾನರು ನಿಟ್ಟುಸಿರು ಬಿಟ್ಟರು.

ದೊಡ್ಡಕ್ಕನ ಕಣ್ಣು ನಿಧಾನವಾಗಿ ಲಿಫ್ಟಿನ ಪಕ್ಕದ ಗೋಡೆಯ ಕಡೆ ಹೋಯಿತು. ಪುರಾವೆ ಸಾರ್ ಕಣ್ಣು ಅದನ್ನು ಹಿಂಬಾಲಿಸಿತು. ಆಮೇಲೆ ಇಡೀ ಸಾಲಿನ ಕಣ್ಣು. ಬಾಗಿಲಪ್ಪ ಚೀಲವನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬೆನ್ನಿನಿಂದ ಹಾಳೆಯನ್ನು ಮುಚ್ಚಲು ನೋಡಿದ. ಹಾಳೆ ಅವನಿಗಿಂತ ಎತ್ತರದಲ್ಲಿತ್ತು. ಎಲ್ಲರಿಗೂ ಕಾಣಲಿ ಎಂದು ತಾನೇ ಕುರ್ಚಿ ಹತ್ತಿ ಅಂಟಿಸಿದ್ದ.

ಯಜಮಾನರು ಜೇಬೆಲ್ಲ ತಡಕಿ ಕನ್ನಡಕ ಹಾಕಿಕೊಂಡರು. ಒಂದೊಂದೇ ಶಬ್ದ ಗಟ್ಟಿಯಾಗಿ ಓದಿದರು. "ಈ ಹಬ್ಬವಾಗಲಿ... ಬೇರೆ ಯಾವುದೇ ಹಬ್ಬವಾಗಲಿ... ನನ್ನದಲ್ಲ." ಅವರ ಕಣ್ಣು ಒದ್ದೆಯಾಯಿತು. "ನಲವತ್ತು ವರ್ಷದಲ್ಲಿ ಇಂಥ ಪ್ರಾಮಾಣಿಕ ಮನುಷ್ಯನ್ನ ನಾನು ನೋಡಿಲ್ಲ."

"ಸಾರ್, ಸಾರ್! ಅದು ಇವರಿಬ್ಬರೂ ನಿಂತು ಬರೆಸಿದ್ದು! ನನಗೂ ದೇವರಿದ್ದಾನೆ ಸಾರ್! ಬೇಕಾದ್ರೆ ನನ್ನ ಹೆಂಡತೀನ ಕೇಳಿ!"

"ಸಹಿ ಯಾರದಪ್ಪಾ?"

"ನನ್ನದೇ ಸಾರ್, ಆದ್ರೆ..."

"ಏಳು ಪ್ರತಿ ಅಂಟಿಸಿದ್ದಾರೆ ಸಾರ್" ಎಂದರು ಪುರಾವೆ ಸಾರ್. "ಒಂದಾದ್ರೆ ಕೈತಪ್ಪು ಅನ್ನಬಹುದಿತ್ತು."

"ಒಳ್ಳೇ ಹುಡುಗ ಸಾರ್, ಸುಳ್ಳು ಹೇಳಲ್ಲ" ಎಂದರು ದೊಡ್ಡಕ್ಕ ಅಂತಃಕರಣದಿಂದ.

ಮ್ಯಾನೇಜರ ಪೆನ್ನು ಒಂದು ಹೆಸರು ಹೊಡೆದು ಇನ್ನೊಂದು ಬರೆಯಿತು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂದು ಹೇಳಿದವನು ಆ ಕಂಪನಿಯಲ್ಲಿ ಒಂದು ದಿನವೂ ಕೆಲಸ ಮಾಡಿರಲಿಲ್ಲ.

ಬಾಗಿಲಪ್ಪ ಹೆಂಡತಿಗೆ ಫೋನು ಮಾಡಿದಾಗ ಐದೂಕಾಲು. ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದ. ಅವಳು ಬೈಯಲಿಲ್ಲ. ಅವಳು ಬೈದಿದ್ದರೆ ಅವನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. "ಬಸ್ಸು ಬಂತು" ಎಂದಷ್ಟೇ ಹೇಳಿ ಇಟ್ಟಳು. ಬಾಗಿಲಪ್ಪ ಖಾಲಿ ಮನೆಗೆ ಹೋಗಿ, ಬ್ರೆಡ್ಡು ತಿಂದು, ತನ್ನ ಹಣೆಬರಹವನ್ನು ಬೈದುಕೊಳ್ಳುತ್ತ ಮಲಗಿದ. ದುಃಖ ನಿಜವಾಗಿಯೂ ಆಗಿತ್ತು. ಮಗಳು ಮಾವನ ಮನೆಗೆ ಅಪ್ಪನ ಜೊತೆ ಹೋಗುತ್ತೇನೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನೆಲ ಮಹಡಿಯ ಪುಟ್ಟ ಕೋಣೆಯಲ್ಲಿ ಫೋನಿನ ಮುಂದೆ ಕೂತ. ಇಡೀ ಕಟ್ಟಡದಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬಾಗಿಲು ಕಾಯುವ ತಾತನಿಗೂ ಹಬ್ಬವಿತ್ತು. ಹತ್ತೂಮುಕ್ಕಾಲಿಗೆ ಫೋನು ಬಡಿದುಕೊಂಡಿತು.

ಎದುರು ಗೋಡೆಗೆ ಅಂಟಿಸಿದ್ದ ಫೋನಿನ ನಿಯಮಗಳ ಹಾಳೆ ನೋಡಿ, ಬಾಗಿಲಪ್ಪ ತನ್ನ ಗಂಭೀರ ದನಿ ತೆಗೆದ. "ನಮಸ್ಕಾರ. ದಯವಿಟ್ಟು ಗಾಬರಿಯಾಗಬೇಡಿ. ನೀವು ಸುರಕ್ಷಿತವಾಗಿದ್ದೀರಿ. ನಿಮ್ಮನ್ನು ಹೊರಗೆ ತರುವವರೆಗೂ ನಾನು ಫೋನು ಇಡುವುದಿಲ್ಲ, ನಿಮ್ಮ ಜೊತೆಯಲ್ಲೇ ಇರುತ್ತೇನೆ. ಲಿಫ್ಟಿನೊಳಗೆ ಎಷ್ಟು ಜನ ಇದ್ದೀರಿ?"

"ನಾಲ್ಕು ಜನ" ಎಂದಿತು ಹೆಣ್ಣು ದನಿ. "ನಮ್ಮಣ್ಣ, ಅತ್ತಿಗೆ, ನಿಮ್ಮ ಮಗಳು, ಮತ್ತೆ ನಾನು. ಎಂಟಕ್ಕೂ ಒಂಬತ್ತಕ್ಕೂ ನಡುವೆ ನಿಂತಿದೆ. ನಿಮ್ಮದೇ ಕಂಪನಿ ಲಿಫ್ಟು."

ಬಾಗಿಲಪ್ಪನಿಗೆ ಫೋನಿಡಬೇಕು ಅನ್ನಿಸಿತು. ಇಡುವ ಹಾಗಿರಲಿಲ್ಲ, ಎದುರಿನ ಹಾಳೆಯಲ್ಲಿ ಎರಡನೇ ನಿಯಮವೇ ಅದು, ಅಡಿಗೆರೆ ಎಳೆದು ಬರೆದಿತ್ತು. ಇನ್ನೊಂದು ಫೋನಿನಲ್ಲಿ ಮೆಕ್ಯಾನಿಕ್ಕನ್ನು ಹಿಡಿದ. ಅವನು ಹಬ್ಬದ ಮನೆಯಿಂದ ಹೊರಟು ಬರಬೇಕಾಗಿತ್ತು.

"ಗಾಬರಿ ಆಗ್ಬೇಡ ಕಣೇ. ಮೆಕ್ಯಾನಿಕ್ ಹೊರಟಿದ್ದಾನೆ. ಗಾಳಿ ಆಡ್ತಿದೆ ತಾನೇ? ಪುಟ್ಟಿ ಅಳ್ತಿಲ್ಲ ತಾನೇ?"

"ಯಾರೂ ಅಳ್ತಿಲ್ಲ. ಆರಾಮಾಗಿ ಕೆಳಗೆ ಕೂತಿದ್ದೀವಿ. ಅವನು ಬರೋಕೆ ಎಷ್ಟು ಹೊತ್ತಾಗುತ್ತೆ?"

"ನಲವತ್ತು ನಿಮಿಷ ಅಂದ."

"ಸಾಕು" ಎಂದಳು ಹೆಂಡತಿ. "ಮದುವೆಯಾದ ವರ್ಷದಿಂದ ಶುರು ಮಾಡ್ತೀನಿ."